ರೈಲು ಬಿಟ್ಟುಹೋದ ದಾರಿ ಯಾರ ಹೆಸರಿಗೆ?

ಅಮೆರಿಕದ ಮಿಸ್ಸೂರಿ ರಾಜ್ಯದ ನಡುಭಾಗದಲ್ಲಿ ಕ್ಯಾಲವೇ ಅನ್ನೋ ಕೌಂಟಿ ಇದೆ. ಕೌಂಟಿ ಅಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದು ತಾಲ್ಲೂಕು. ಜನಸಂಖ್ಯೆ ಸುಮಾರು 44 ಸಾವಿರ. ಫುಲ್ಟನ್ ಅದರ ಮುಖ್ಯ ಊರು. 1946ರಲ್ಲಿ ಚರ್ಚಿಲ್ ಬಂದು, ಯುರೋಪು ಇಬ್ಭಾಗವಾಗಿದೆ ಎಂದು ಹೇಳಿದ ಆ ಹೆಸರಾಂತ 'ಕಬ್ಬಿಣದ ಪರದೆ' ಭಾಷಣ ಮಾಡಿದ್ದು ಇಲ್ಲಿನ ಕಾಲೇಜಿನಲ್ಲೇ. ಅದು ಬಿಟ್ಟರೆ ಮುಸುಕಿನ ಜೋಳ, ಸೋಯಾ, ದನ, ಚಿಕ್ಕ ಚಿಕ್ಕ ಊರು. ಕೌಂಟಿಯ ದಕ್ಷಿಣದ ಗಡಿ ಪೂರ್ತಿ ಮಿಸ್ಸೂರಿ ನದಿ. ಆ ನದಿಬಯಲಿಗೂ ಅದರ ಪಕ್ಕದ ಸುಣ್ಣಕಲ್ಲಿನ ಗುಡ್ಡಸಾಲಿಗೂ ನಡುವೆ ಒಂದು ದಾರಿ ಹೋಗುತ್ತದೆ. ಕಾರು, ಲಾರಿ ಬಿಡುವುದಿಲ್ಲ. ನಡೆಯುವವರು, ಸೈಕಲ್ಲಿನವರು, ಒಂದೆರಡು ಕಡೆ ಕುದುರೆಯವರು. ಅಷ್ಟೇ.

ಅದರ ಹೆಸರು ಕೇಟಿ ಟ್ರೈಲ್. ಮಿಸ್ಸೂರಿ–ಕ್ಯಾನ್ಸಸ್–ಟೆಕ್ಸಸ್ ರೈಲು ಕಂಪನಿಯನ್ನು ಜನ ಪ್ರೀತಿಯಿಂದ ಕೇಟಿ ಅಂತಿದ್ದರು. ಅದರ ಹಳಿ ಇದ್ದ ಜಾಗವೇ ಈಗ ಈ ದಾರಿ. ಪೂರ್ವದ ಮೇಚನ್ಸ್‌ನಿಂದ ಪಶ್ಚಿಮದ ಕ್ಲಿಂಟನ್‌ವರೆಗೆ ಸುಮಾರು 240 ಮೈಲಿ, ಅಂದರೆ 386 ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರಿಗೆ ಇರುವುದಕ್ಕಿಂತ ಜಾಸ್ತಿ ದೂರ, ಎಲ್ಲೂ ತುಂಡಾಗದೆ. ಎಷ್ಟೋ ಊರು, ಎಷ್ಟೋ ಜನರ ಹೊಲ, ಎಷ್ಟೋ ಹಳ್ಳ ದಾಟಿಕೊಂಡು ಹೋಗುವ ಒಂದೇ ಒಂದು ಗೆರೆ ಇದು. ನನಗೆ ಈ ದಾರಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ತುಂಡಾಗದಿರುವಿಕೆಯೇ.

ಹತ್ತಿರದಲ್ಲೇ ವಾಸವಿರುವುದರಿಂದ ನಾನು ಇಲ್ಲಿಗೆ ಆಗಾಗ ಹೋಗುತ್ತೇನೆ. ಗಾಳಿ ಕುಡಿಯಲು, ತಲೆ ಹಗುರ ಮಾಡಿಕೊಳ್ಳಲು ಅಂತ ಸುಮ್ನೆ ನಡೆಯುತ್ತಿದ್ದೆ. ಇದು ಯಾರ ಜಾಗ ಅಂತ ಯೋಚಿಸುವ ಹಾಗೆ ಮಾಡಿದ್ದು ಅಪ್ಪ. ಅವರು ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತಿಪಟೂರು ಸುತ್ತಮುತ್ತ ಅವರು ಚೈನು ಹಿಡಿದು ನಡೆಯದ ಹೊಲ ಕಡಿಮೆ. ಕಳೆದ ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಂದಿದ್ದಾಗ ಟೆಬೆಟ್ಸ್ ಎಂಬ ಪುಟ್ಟ ಊರಿನ ಹತ್ತಿರ ಅವರನ್ನು ನಡೆಯಲು ಕರೆದುಕೊಂಡು ಹೋಗಿದ್ದೆ. ಅಪ್ಪನಿಗೆ ಮಂಡಿನೋವು. ಗುಡ್ಡ ಹತ್ತಿಸುವ ಹಾಗಿಲ್ಲ. ಇಲ್ಲಿ ಆ ಚಿಂತೆಯೇ ಇಲ್ಲ. ರೈಲು ಕಡಿದಾದ ಏರು ಹತ್ತಲಾರದು. ಹಾಗಾಗಿ ರೈಲು ಹೋಗಿದ್ದ ದಾರಿಯಲ್ಲಿ ಎಂಥ ಮಂಡಿಯವರೂ ನಡೆಯಬಹುದು. ನೆಲಕ್ಕೆ ಸುಣ್ಣಕಲ್ಲಿನ ಪುಡಿ ಹಾಸಿ ಗಟ್ಟಿ ಮಾಡಿದ್ದಾರೆ. ಕಾಲಿಗೆ ಹಿತ.

ಸ್ವಲ್ಪ ದೂರ ಹೋದ ಮೇಲೆ ಅಪ್ಪ ನಿಂತರು. ದಾರಿಯ ಪಕ್ಕ, ಹುಲ್ಲಿನ ಮಧ್ಯೆ, ಮೊಣಕಾಲಿಗಿಂತ ಎತ್ತರದ ಒಂದು ಕಾಂಕ್ರೀಟ್ ಕಂಬ. ಮೇಲೆ ಡಬ್ಲ್ಯೂ ಅಕ್ಷರ. ರೈಲಿನ ಡ್ರೈವರ್ ಅಲ್ಲಿಗೆ ಬಂದಾಗ ಸೀಟಿ ಊದಬೇಕು, ಮುಂದೆ ರಸ್ತೆ ಅಡ್ಡ ಬರುತ್ತದೆ ಅನ್ನುವ ಗುರುತು. ಅಪ್ಪ ಅದರ ಬುಡದ ಹುಲ್ಲು ಸರಿಸಿದರು. ಕೈಯಿಂದ ತಟ್ಟಿದರು. ಅಲ್ಲಾಡುತ್ತದೋ ನೋಡಿದರು. ಬಾಂದು ಕಲ್ಲು ಸಿಕ್ಕಿದಾಗ ಅವರು ಹಾಗೇ ಮಾಡುವುದು. ಆಮೇಲೆ ಎಡಕ್ಕೆ ಗುಡ್ಡ, ಬಲಕ್ಕೆ ಸೋಯಾ ಹೊಲ ನೋಡಿ ಕೇಳಿದರು:

"ಅಲ್ಲ ಕಣಮ್ಮ, ಈ ಜಾಗ ಪಹಣೀಲಿ ಯಾರ ಹೆಸರಲ್ಲಿದೆ?"

ಸರ್ಕಾರದ್ದು, ಸ್ಟೇಟ್ ಪಾರ್ಕ್ ಅಂದೆ. ಅಪ್ಪನಿಗೆ ಸಮಾಧಾನ ಆಗಲಿಲ್ಲ. "ರೈಲಿನವರು ಕೊಂಡಿದ್ರಾ, ಇಲ್ಲಾ ಬರೀ ಓಡಾಡೋ ಹಕ್ಕು ತಗೊಂಡಿದ್ರಾ? ಎರಡಕ್ಕೂ ವ್ಯತ್ಯಾಸ ಇದೆ."

ಇದೆ. ಈ ದಾರಿಯ ಇಡೀ ಕಥೆ ಆ ವ್ಯತ್ಯಾಸದಲ್ಲೇ ಇದೆ.

ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಹಳಿ ಹಾಕುವಾಗ ಎಷ್ಟೋ ಕಡೆ ಕಂಪನಿಗಳು ರೈತರಿಂದ ನೆಲವನ್ನೇ ಕೊಳ್ಳಲಿಲ್ಲ. ರೈಲು ಓಡಿಸುವ ಹಕ್ಕು ಮಾತ್ರ ಬರೆಸಿಕೊಂಡವು. ನೆಲದ ಒಡೆತನ ರೈತನದೇ. ರೈಲು ನಿಂತರೆ ಹಕ್ಕು ಮುಗಿಯಿತು, ನೆಲ ವಾಪಸ್. ಒಬ್ಬೊಬ್ಬ ರೈತನ ಹೊಲದ ಮುಂದಿನ ತುಂಡು ಅವನವನಿಗೆ. ಹಾಗಾದರೆ ನೂರಾರು ಮೈಲಿಯ ಒಂದು ಗೆರೆ ನೂರಾರು ಚೂರಾಗುತ್ತದೆ. ಆಮೇಲೆ ಯಾವ ಸರ್ಕಾರ ಬಂದರೂ, ಎಷ್ಟು ದುಡ್ಡು ಸುರಿದರೂ, ಅದನ್ನು ಮತ್ತೆ ಒಂದು ಮಾಡುವುದು ಆಗದ ಮಾತು. ಅಮೆರಿಕದಲ್ಲಿ ಹಾಗೆ ಕಳೆದುಹೋದ ರೈಲು ದಾರಿಗಳು ಸಾವಿರಾರು ಮೈಲಿ.

ಇದನ್ನು ತಡೆಯಲು 1983ರಲ್ಲಿ ಅಮೆರಿಕದ ಸಂಸತ್ತು ಒಂದು ತಿದ್ದುಪಡಿ ತಂದಿತು. ರೈಲು ಕಂಪನಿ ಓಡಾಟ ನಿಲ್ಲಿಸಿದರೂ ಆ ದಾರಿಯನ್ನು 'ಕೈಬಿಟ್ಟದ್ದು' ಅಂತ ಲೆಕ್ಕ ಹಾಕಬೇಕಾಗಿಲ್ಲ. ಮುಂದೆ ಯಾವತ್ತಾದರೂ ರೈಲು ಬೇಕಾಗಬಹುದು ಎಂದು ಹಾಗೇ ಕಾಪಾಡಿ ಇಡಬಹುದು. ಅಲ್ಲಿಯವರೆಗೆ ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಟ್ಟುಕೊಡಬಹುದು. ಇದಕ್ಕೆ ರೈಲ್‌ಬ್ಯಾಂಕಿಂಗ್ ಅಂತಾರೆ. ಅಂದರೆ ನಾನೂ ಅಪ್ಪನೂ ನಡೆಯುತ್ತಿದ್ದ ಆ ನೆಲ, ಕಾನೂನಿನ ಕಣ್ಣಲ್ಲಿ ಇವತ್ತಿಗೂ ರೈಲು ದಾರಿಯೇ. ರೈಲು ವಾಪಸ್ ಬರುವುದಾದರೆ ನಾವು ಪಕ್ಕಕ್ಕೆ ಸರಿಯಬೇಕು.

ಕೇಟಿ ರೈಲು ನಿಲ್ಲಲು ಕಾರಣ ನದಿ. ಮೊದಲೇ ಕಂಪನಿಗೆ ಲಾಭ ಕಡಿಮೆಯಾಗಿತ್ತು. 1986ರ ಅಕ್ಟೋಬರಿನಲ್ಲಿ ಮಿಸ್ಸೂರಿ ಉಕ್ಕಿ ಹರಿದು ಹಳಿಯನ್ನು ಅಲ್ಲಲ್ಲಿ ಕೊಚ್ಚಿಕೊಂಡು ಹೋಯಿತು. ರಿಪೇರಿ ಮಾಡಿಸುವ ಮನಸ್ಸು ಕಂಪನಿಗೆ ಇರಲಿಲ್ಲ. ಮೇಚನ್ಸ್‌ನಿಂದ ಸೆಡೇಲಿಯಾವರೆಗಿನ ಓಡಾಟ ಅಲ್ಲಿಗೆ ಮುಗಿಯಿತು.

ಆಗ ಮುಂದೆ ಬಂದವರು ಟೆಡ್ ಜೋನ್ಸ್ ಮತ್ತು ಅವರ ಹೆಂಡತಿ ಪ್ಯಾಟ್. ಟೆಡ್ ಅವರು 'ಎಡ್ವರ್ಡ್ ಜೋನ್ಸ್' ಎಂಬ ಷೇರು ಸಂಸ್ಥೆಯನ್ನು ಬೆಳೆಸಿದವರು. ದೊಡ್ಡ ನಗರ ಬಿಟ್ಟು ಸಣ್ಣ ಸಣ್ಣ ಊರಲ್ಲಿ ಕಚೇರಿ ತೆರೆದು ಹೆಸರಾದವರು. ಆದರೂ ವಾಸ ಮಾತ್ರ ಇದೇ ಕ್ಯಾಲವೇ ಕೌಂಟಿಯ ವಿಲಿಯಮ್ಸ್‌ಬರ್ಗ್ ಹತ್ತಿರದ ತೋಟದಲ್ಲಿ. ಹಳಿ ಇದ್ದ ದಾರಿಯ ಹಕ್ಕನ್ನು ರಾಜ್ಯ ಕೊಳ್ಳಲು 2 ಲಕ್ಷ ಡಾಲರ್ ಕೊಟ್ಟರು. ಅದನ್ನು ಟ್ರೈಲ್ ಮಾಡಲು ಇನ್ನೂ 20 ಲಕ್ಷ ಡಾಲರ್ ಕೊಟ್ಟರು. ಮೊದಲ ತುಂಡು ರೋಶ್‌ಪೋರ್ಟ್ ಎಂಬ ಊರಲ್ಲಿ 1990ರ ಏಪ್ರಿಲ್‌ನಲ್ಲಿ ತೆರೆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಟೆಡ್ ತೀರಿಕೊಂಡರು. ಅವರ ಕಣ್ಣಿಗೆ ಬಿದ್ದದ್ದು ಆರಂಭದ ಚೂರು ಮಾತ್ರ.

ರೈತರು ಸುಮ್ಮನೆ ಇರಲಿಲ್ಲ. ನಮ್ಮ ತಾತ ನೆಲ ಬಿಟ್ಟುಕೊಟ್ಟದ್ದು ರೈಲಿಗೆ, ಪಟ್ಟಣದವರ ಸೈಕಲ್ಲಿಗಲ್ಲ ಅಂದರು. ಮನೆ ಹಿಂದೆಯೇ ಗುರುತು ಪರಿಚಯ ಇಲ್ಲದವರು ಓಡಾಡಿದರೆ ಕಳ್ಳತನ ಆಗುತ್ತದೆ, ಕಸ ಬೀಳುತ್ತದೆ, ದನ ಬೆದರುತ್ತವೆ ಅನ್ನುವ ಭಯವೂ ಇತ್ತು. ಕೋರ್ಟಿಗೆ ಹೋದರು. 1990ರಲ್ಲಿ ಬೇರೆ ರಾಜ್ಯದ ಇಂಥದೇ ಒಂದು ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. ಜೊತೆಗೇ, ನೆಲದ ಹಕ್ಕು ಕಳೆದುಕೊಂಡವರು ಕೇಂದ್ರ ಸರ್ಕಾರದಿಂದ ಪರಿಹಾರ ಕೇಳಬಹುದು ಎಂದೂ ಹೇಳಿತು. ಹಾಗೆ ಕೇಟಿ ಪಕ್ಕದ ಕೆಲವು ರೈತರು ಫೆಡರಲ್ ಕ್ಲೇಮ್ಸ್ ಕೋರ್ಟಿಗೆ ಹೋದರು. ಇದು ಅವರ ಆಸ್ತಿಯನ್ನು ತೆಗೆದುಕೊಂಡಂತೆಯೇ, ಪರಿಹಾರ ಕೊಡಬೇಕು ಎಂದು 2000ದಲ್ಲಿ ಆ ಕೋರ್ಟು ಒಪ್ಪಿತು.

ಇದನ್ನೆಲ್ಲ ಕೇಳಿಸಿಕೊಂಡ ಅಪ್ಪ ತಕ್ಷಣ ರೈತರ ಪರ ನಿಂತರು. "ಅವರು ಕೇಳಿದ್ದರಲ್ಲಿ ನ್ಯಾಯ ಇದೆ. ಒಂದು ಕೆಲಸಕ್ಕೆ ಅಂತ ಕೊಟ್ಟಿದ್ದನ್ನ ಇನ್ನೊಂದಕ್ಕೆ ಬಳಸಿದರೆ ಕೇಳಲೇಬೇಕು." ನನಗೂ ಹಾಗೇ ಅನಿಸುತ್ತದೆ. ದಾರಿ ಉಳಿದದ್ದು ಸರಿ. ಪರಿಹಾರ ಕೊಟ್ಟದ್ದೂ ಸರಿ. ಒಂದನ್ನು ಒಪ್ಪಿದರೆ ಇನ್ನೊಂದನ್ನು ಬಿಡಬೇಕು ಅಂತೇನಿಲ್ಲ. ಸಾರ್ವಜನಿಕರ ಒಳ್ಳೆಯದಕ್ಕೆ ಒಬ್ಬನ ಹಕ್ಕು ಹೋಗುವುದಾದರೆ, ಅದರ ಬೆಲೆಯನ್ನು ಸಾರ್ವಜನಿಕರೇ ತೆರಬೇಕು.

ಮುಂದೆ ಅಪ್ಪ ಹೆಜ್ಜೆ ಹಾಕಿ ಅಳೆಯಲು ಶುರು ಮಾಡಿದರು. ತುಳಿಯುವ ದಾರಿ ಹತ್ತು ಅಡಿ ಇರಬಹುದು. ರೈಲಿನ ಜಾಗ ಮಾತ್ರ ಹೆಚ್ಚು ಕಡೆ ನೂರು ಅಡಿ ಅಗಲ ಅಂತ ನಾನು ಓದಿದ್ದೆ. "ನೂರಡಿ ಅಂದ್ರೆ ಮೂರು ಚೈನು," ಅಂದರು ಅಪ್ಪ. ನಮ್ಮ ಕಡೆಯ ಸರ್ವೆ ಚೈನು ಮೂವತ್ಮೂರು ಅಡಿ, ಅದನ್ನು ಹದಿನಾರು ಆಣೆ ಅಂತ ಭಾಗ ಮಾಡುತ್ತಾರೆ. ಒಂದು ಚೈನು ಉದ್ದ, ಒಂದು ಚೈನು ಅಗಲ ಅಂದರೆ ಒಂದು ಗುಂಟೆ. ಈ ಮೂರು ಚೈನು ಅಗಲದಲ್ಲಿ ಮರ ಬೆಳೆದಿವೆ, ಹಕ್ಕಿ ಗೂಡು ಕಟ್ಟಿವೆ. ಎರಡೂ ಕಡೆ ಹೊಲವೇ ಹೊಲ ಇರುವ ಈ ಬಯಲಲ್ಲಿ ಕಾಡು ಅಂತ ಉಳಿದಿರುವುದೇ ಇಷ್ಟು. "ಹಾಗಾದ್ರೆ ಇದು ಬಿ ಖರಾಬು ಇದ್ದ ಹಾಗೆ," ಅಂದರು. ಓದುವವರಲ್ಲಿ ಪಟ್ಟಣದವರಿದ್ದರೆ ಅವರಿಗಾಗಿ ಹೇಳುತ್ತೇನೆ: ಸರ್ವೆ ನಂಬರಿನ ಒಳಗೇ ಇದ್ದರೂ ದಾರಿ, ಹಳ್ಳ, ಸ್ಮಶಾನ ಇಂಥ ಊರೊಟ್ಟಿನ ಉಪಯೋಗಕ್ಕೆ ಅಂತ ಬಿಟ್ಟ ನೆಲ ಬಿ ಖರಾಬು. ಯಾರೂ ಉಳುವ ಹಾಗಿಲ್ಲ, ಮಾರುವ ಹಾಗಿಲ್ಲ.

ಆ ನೆರಳಲ್ಲೇ ನಮಗೆ ಪಾಪಾ ಹಣ್ಣು ಸಿಕ್ಕಿತು. ಪಪ್ಪಾಯಿ ಅಲ್ಲ, ಬೇರೆ. ಇದು ನಮ್ಮ ಸೀತಾಫಲದ ಕುಟುಂಬಕ್ಕೆ ಸೇರಿದ ಗಿಡ, ಇಲ್ಲಿನ ಕಾಡಿನದು. ದೊಡ್ಡ ದೊಡ್ಡ ಜೋಲುವ ಎಲೆ. ಸೆಪ್ಟೆಂಬರಿನಲ್ಲಿ ಹಣ್ಣಾಗಿ ತಾನೇ ಉದುರುತ್ತದೆ. ಅಪ್ಪ ಒಂದನ್ನು ಎತ್ತಿ ಒತ್ತಿ ನೋಡಿದರು. ಹಸಿರು ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ. ಬೆರಳಿನಿಂದ ಸೀಳಿದರೆ ಒಳಗೆ ಹಳದಿ ತಿರುಳು, ಎರಡು ಸಾಲು ಕಂದು ಬೀಜ. ಮೂಗಿಗೆ ಹಿಡಿದರು. ನಾಲಿಗೆ ತುದಿಗೆ ಮುಟ್ಟಿಸಿದರು. ಬಾಳೆಹಣ್ಣು, ಮಾವಿನಹಣ್ಣು ಎರಡೂ ಒಟ್ಟಿಗೆ ಕಿವುಚಿದ ರುಚಿ. ಬೀಜ ತಿನ್ನಬಾರದು ಅಂದೆ. "ಸೀತಾಫಲದ ಬೀಜ ಯಾರಾದ್ರೂ ತಿಂತಾರಾ?" ಅಂದವರು ಆ ಬೀಜಗಳನ್ನು ಒರೆಸಿ ಅಲ್ಲೇ ಒದ್ದೆ ಮಣ್ಣಿನಲ್ಲಿ ಬೆರಳಿಂದ ತೂತು ಮಾಡಿ ಹಾಕಿದರು.

ಟೆಬೆಟ್ಸ್‌ನಲ್ಲಿ ಕೇಟಿ ಟ್ರೈಲ್ ಪ್ರಯಾಣಿಕರಿಗೆ ಅಂತ ಒಂದು ತಂಗುಮನೆ ಇದೆ. ಒಳಗೆ ಮೇಲೊಂದು ಕೆಳಗೊಂದು ಮಂಚಗಳ ಸಾಲು. ಕಾವಲುಗಾರ ಇಲ್ಲ. ಬಾಗಿಲ ಬೀಗದ ಕೈ ಹೊರಗೇ ನೇತಾಡುತ್ತದೆ. ರಾತ್ರಿ ಉಳಿಯುವವರು ಕೆಲವೇ ಡಾಲರ್ ಡಬ್ಬಿಗೆ ಹಾಕಿದರೆ ಆಯಿತು. ನಮ್ಮಲ್ಲಿ ಹಿಂದೆ ದಾರಿಯ ಪಕ್ಕ ಛತ್ರ, ಅರವಟ್ಟಿಗೆ ಇರುತ್ತಿದ್ದವಲ್ಲ, ಅದೇ ಮನಸ್ಸು. ಅಪ್ಪ ಒಳಗೆ ಹೋಗಿ ಹಾಸಿಗೆ ಒಂದರ ಮೇಲೆ ಕೂತು ಎದ್ದು ಬಂದರು. ಮುಂದಿನ ಸಲ ಇಲ್ಲೇ ಒಂದು ರಾತ್ರಿ ಮಲಗೋಣ ಅಂದರು.

ಈ ಊರುಗಳೆಲ್ಲ ನೀರಿನ ಭಯದಲ್ಲೇ ಬದುಕುತ್ತವೆ. ಮೊಕೇನ್ ಎಂಬ ಪಕ್ಕದ ಊರಿಗೆ ಹೆಸರು ಬಂದದ್ದೇ ರೈಲಿನಿಂದ. ಅದು ಹಳೆಯ ಮಿಸ್ಸೂರಿ, ಕ್ಯಾನ್ಸಸ್ ಅಂಡ್ ಈಸ್ಟರ್ನ್ ರೈಲು ಕಂಪನಿಯ ಮೊದಲ ಅಕ್ಷರಗಳದು. 1993ರ ಮಹಾಪೂರದಲ್ಲಿ ನದಿಯ ಒಡ್ಡುಗಳು ಒಂದೊಂದಾಗಿ ಒಡೆದವು. ಪಶ್ಚಿಮಕ್ಕಿರುವ ಹಾರ್ಟ್ಸ್‌ಬರ್ಗ್ ಮುಳುಗಿತು. ಪೂರ್ವದ ಪಕ್ಕದ ಕೌಂಟಿಯ ರೈನ್‌ಲ್ಯಾಂಡ್‌ನವರು ಇನ್ನು ಸಾಕು ಅಂತ ಊರನ್ನೇ ಗುಡ್ಡದ ಮೇಲಕ್ಕೆ ಎತ್ತಿಕೊಂಡು ಹೋದರು. ಆಗಷ್ಟೇ ತೆರೆದಿದ್ದ ಟ್ರೈಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಳಾಯಿತು. ಮತ್ತೆ ಕಟ್ಟಿದರು. 2019ರಲ್ಲಿ ಮತ್ತೆ ಪ್ರವಾಹ, ಮತ್ತೆ ಮುಚ್ಚಿದ ದಾರಿ, ಮತ್ತೆ ರಿಪೇರಿ. ಕಂಪನಿ ಬೇಡ ಅಂದ ಖರ್ಚನ್ನು ಜನ ತಮ್ಮ ತೆರಿಗೆಯಿಂದ ಪ್ರತಿ ಸಲ ಮಾಡುತ್ತಿದ್ದಾರೆ. ನನಗೆ ಇದು ದೊಡ್ಡ ಮಾತು ಅನಿಸುತ್ತದೆ.

ಅದಕ್ಕೆ ಪ್ರತಿಫಲವೂ ಇದೆ ಅನ್ನಿ. ವರ್ಷಕ್ಕೆ ಸುಮಾರು 4 ಲಕ್ಷ ಜನ ಬರುತ್ತಾರೆ, ಅದರಿಂದ ಸುತ್ತಲಿನ ಊರುಗಳಿಗೆ 1.85 ಕೋಟಿ ಡಾಲರ್‌ನಷ್ಟು ವ್ಯವಹಾರ ಎಂದು 2012ರಲ್ಲಿ ರಾಜ್ಯ ಪಾರ್ಕ್ ಇಲಾಖೆ ಲೆಕ್ಕ ಹಾಕಿತ್ತು. ರೈಲು ಹೋದ ಮೇಲೆ ಮಂಕಾಗಿದ್ದ ಊರುಗಳಲ್ಲಿ ಊಟದ ಅಂಗಡಿ, ಸೈಕಲ್ ಅಂಗಡಿ, ಉಳಿಯುವ ಮನೆ ಬಂದವು. ದಕ್ಷಿಣಕ್ಕೆ ಹಾದುಹೋಗುವ ರಾಕ್ ಐಲ್ಯಾಂಡ್ ಎಂಬ ಇನ್ನೊಂದು ಹಳೆ ರೈಲು ದಾರಿಯ 144 ಮೈಲಿಯನ್ನು 2021ರಲ್ಲಿ ರಾಜ್ಯ ತನ್ನದಾಗಿಸಿಕೊಂಡಿತು. ಅಲ್ಲೂ ಹಳೆಯ ಜಗಳವೇ ಹೊಸದಾಗಿ ನಡೆಯಿತು. ಈ ಸಲ ಮಾತ್ರ ತಮ್ಮ ಊರಿಗೆ ಟ್ರೈಲ್ ಬೇಕು ಅಂತ ಕೇಳುವ ಸಣ್ಣ ಊರುಗಳೂ ಇದ್ದವು.

ಓದುತ್ತಿರುವ ಎಷ್ಟೋ ಜನರಿಗೆ ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿ ನೆನಪಾಗಿರಬಹುದು. ಮೀಟರ್‌ಗೇಜ್ ನಿಲ್ಲಿಸಿ ಬ್ರಾಡ್‌ಗೇಜ್ ಮಾಡುವ ವರ್ಷಗಳಲ್ಲಿ ಅಲ್ಲಿ ರೈಲಿರಲಿಲ್ಲ. ಸುರಂಗ, ಸೇತುವೆ ದಾಟಿಕೊಂಡು ಚಾರಣ ಮಾಡಿದವರು ಎಷ್ಟೊಂದು ಜನ. 2007ರ ಕೊನೆಗೆ ಪ್ರಯಾಣಿಕರ ರೈಲು ಮತ್ತೆ ಓಡಿತು. ಈಗ ಹಳಿ ಮೇಲೆ ನಡೆಯುವುದು ನಿಷಿದ್ಧ. ಅದು ಸರಿಯಾದದ್ದೇ. ದಯವಿಟ್ಟು ಯಾರೂ ಹೋಗಬೇಡಿ. ಆದರೆ ಆ ಆಸೆ ನೋಡಿ. ಕಾಡಿನ ಮಧ್ಯೆ ಸಮತಟ್ಟಾದ ದಾರಿಯಲ್ಲಿ ದಿನವಿಡೀ ನಡೆಯಬೇಕು ಅನ್ನುವ ಆಸೆ ನಮ್ಮವರಲ್ಲೂ ಅಷ್ಟೇ ಇದೆ. ಇಲ್ಲದಿರುವುದು ಅದಕ್ಕೆ ಅಂತ ಯಾರೋ ಉಳಿಸಿಕೊಟ್ಟ ಜಾಗ.

ಇಲ್ಲವೇ ಇಲ್ಲ ಅನ್ನಬೇಡ, ಅಂದರು ಅಪ್ಪ. ಪ್ರತಿ ಊರಿನ ಗ್ರಾಮ ನಕಾಶೆಯಲ್ಲೂ ಬಂಡಿದಾರಿ, ಕಾಲುದಾರಿ ಗುರುತು ಮಾಡಿದ್ದಾರೆ. ನಕಾಶೆ ಕಂಡ ದಾರಿ ಅಂತ ಕಚೇರಿಯಲ್ಲಿ ಅದಕ್ಕೆ ಹೆಸರು. ಅದು ಯಾರಪ್ಪನ ಸ್ವತ್ತೂ ಅಲ್ಲ. ಅಡ್ಡಿ ಮಾಡಿದರೆ ತೆರವು ಮಾಡಿಸುವ ಅಧಿಕಾರ ತಹಶೀಲ್ದಾರರಿಗೆ ಇದೆ. ಆದರೂ ದಾರಿ ಹೋಗುತ್ತದೆ. ಹೇಗೆ ಹೋಗುತ್ತದೆ ಅನ್ನುವುದನ್ನು ಅಪ್ಪ ಸರ್ವಿಸ್ ಪೂರ್ತಿ ನೋಡಿದವರು. ಒಂದೇ ದಿನ ಯಾರೂ ಬೇಲಿ ಹಾಕುವುದಿಲ್ಲ. ಈ ವರ್ಷ ಉಳುವಾಗ ಒಂದು ಸಾಲು ಒಳಗೆ. ಮುಂದಿನ ವರ್ಷ ಇನ್ನೊಂದು ಸಾಲು. ಎದುರಿನ ಹೊಲದವನು ಸುಮ್ಮನಿರುತ್ತಾನಾ? ಅವನೂ ಒಂದು ಸಾಲು. ಗಾಡಿ ಹೋಗುತ್ತಿದ್ದಲ್ಲಿ ಬೈಕು, ಬೈಕು ಹೋಗುತ್ತಿದ್ದಲ್ಲಿ ಮನುಷ್ಯ, ಆಮೇಲೆ ಬದು ಮಾತ್ರ. ಒಳಗಿನ ಹೊಲದವರು ಗೊಬ್ಬರ ಸಾಗಿಸಲು, ತೆಂಗಿನಕಾಯಿ ತರಲು ಇನ್ನೊಬ್ಬರ ಕಾಲು ಹಿಡಿಯಬೇಕು. ಸರ್ವೆ ಮಾಡಿಸಿ ಕಲ್ಲು ನೆಟ್ಟು ಬಂದ ವಾರಕ್ಕೆ ಕಲ್ಲು ಮಾಯವಾಗಿದ್ದೂ ಉಂಟು. ನಮ್ಮೂರಿನ ಕೆರೆ ಕೋಡಿಯಿಂದ ಸಂತೆ ಮೈದಾನಕ್ಕೆ ಹೋಗುತ್ತಿದ್ದ ಬಂಡಿದಾರಿ ಹೀಗೇ ಮೂರು ಕಡೆ ಕಿತ್ತುಹೋಗಿದೆ. ಮಿಕ್ಕ ತುಂಡುಗಳು ಇವೆ. ಆದರೆ ತುಂಡುಗಳಲ್ಲಿ ಯಾರು ನಡೆಯುತ್ತಾರೆ? ಎಲ್ಲಿಗೂ ಹೋಗದ ದಾರಿ ಯಾರಿಗೂ ಬೇಡ. ಬೇಡವಾದ ಮೇಲೆ ಮಿಕ್ಕದ್ದೂ ಹೋಗುತ್ತದೆ.

ಇಲ್ಲಿನವರಿಗೂ ನಮಗೂ ಇರುವ ವ್ಯತ್ಯಾಸ ದುಡ್ಡಿನದು ಮಾತ್ರ ಅಂತ ನನಗೆ ಅನಿಸುವುದಿಲ್ಲ. ಗೆರೆಯ ಬಹುಭಾಗವನ್ನು ಒಂದೇ ಸಲ ಹಿಡಿದುಕೊಂಡರು, ಚೂರಾಗಲು ಬಿಡಲಿಲ್ಲ. ಜಗಳ, ಕೋರ್ಟು, ಪರಿಹಾರ ಎಲ್ಲ ಆಮೇಲೆ ನಡೆಯಿತು. ದಾರಿ ಕೈಯಲ್ಲಿದ್ದದ್ದರಿಂದ ಮಿಕ್ಕದ್ದನ್ನು ನಿಧಾನವಾಗಿ ಬಗೆಹರಿಸಲು ಆಯಿತು.

ಸೇಂಟ್ ಲೂಯಿಸ್, ಕ್ಯಾನ್ಸಸ್ ಸಿಟಿ ಕಡೆಯ ಕನ್ನಡಿಗರು ಸುಮಾರು ಜನ ಇದನ್ನು ಓದುತ್ತೀರಿ. ಅಪ್ಪ ಅಮ್ಮ ಬಂದಾಗ ಮಾಲ್ ಸುತ್ತಿಸುವ ಬದಲು ಒಮ್ಮೆ ಇಲ್ಲಿಗೆ ಕರೆದುಕೊಂಡು ಬನ್ನಿ. ಎರಡೂ ಊರಿನ ನಡುವೆ ಓಡುವ ಆಮ್‌ಟ್ರಾಕ್ ರೈಲು ನದಿಯ ದಕ್ಷಿಣ ದಂಡೆಯ ಜೆಫರ್ಸನ್ ಸಿಟಿಯಲ್ಲಿ ನಿಲ್ಲುತ್ತದೆ. ಮೊದಲೇ ಬುಕ್ ಮಾಡಿದರೆ ಸೈಕಲ್ಲನ್ನೂ ಹಾಕಿಕೊಂಡು ಬರಬಹುದು. ಅಲ್ಲಿಂದ ನದಿ ದಾಟಲು ಹೆದ್ದಾರಿ ಸೇತುವೆಗೇ ಸೇರಿಸಿ ನಡೆಯುವವರಿಗೆ, ಸೈಕಲ್ಲಿಗೆ ಅಂತ 2011ರಲ್ಲಿ ಬೇರೆ ದಾರಿ ಕಟ್ಟಿದ್ದಾರೆ. ಮಧ್ಯದಲ್ಲಿ ನಿಂತು ಮಿಸ್ಸೂರಿಯನ್ನು ನೋಡಿ. ಕಾಫಿ ಬಣ್ಣದ ನೀರು, ಸದ್ದಿಲ್ಲದ ಸೆಳೆತ. ಉತ್ತರ ದಂಡೆಯಿಂದ ಟೆಬೆಟ್ಸ್‌ಗೆ 12 ಮೈಲಿ. ನಡುವೆ ಅಂಗಡಿ ಸಿಗುವುದಿಲ್ಲ, ನೀರು ಜಾಸ್ತಿಯೇ ಇಟ್ಟುಕೊಳ್ಳಿ. ಅಂಚಿನಲ್ಲಿ ಮೂರೆಲೆಯ ಬಳ್ಳಿ ಕಂಡರೆ ಮುಟ್ಟಬೇಡಿ, ಮೈಯೆಲ್ಲ ತುರಿಕೆ ಬರುತ್ತದೆ. ಮಳೆ ಬಂದ ಮರುದಿನ ಸುಣ್ಣಕಲ್ಲಿನ ಪುಡಿ ಸೈಕಲ್ ಚೈನಿಗೆಲ್ಲ ಮೆತ್ತಿಕೊಳ್ಳುತ್ತದೆ, ಮನೆಗೆ ಹೋದ ಮೇಲೆ ಒರೆಸಿ ಎಣ್ಣೆ ಬಿಡಿ. ಹೊರಡುವ ಮುಂಚೆ ಟ್ರೈಲ್ ತೆರೆದಿದೆಯಾ ಅಂತ ಪಾರ್ಕ್ ಇಲಾಖೆಯ ಸೂಚನೆ ನೋಡಿಕೊಳ್ಳಿ. ನದಿ ಏರಿದಾಗ ಕೆಲವು ಭಾಗ ಮುಚ್ಚುತ್ತಾರೆ.

ಊರಿಗೆ ವಾಪಸ್ ಹೊರಡುವ ವಾರ ಅಪ್ಪ ನನಗೆ ಒಂದು ಕೆಲಸ ಹೇಳಿದರು. ಕರ್ನಾಟಕದ ಗ್ರಾಮ ನಕಾಶೆಗಳು ಈಗ ಸರ್ಕಾರದ ಜಾಲತಾಣದಲ್ಲೇ ಸಿಗುತ್ತವೆ. ನಮ್ಮೂರಿನದನ್ನು ಇಳಿಸಿ ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿದೆ. ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಬಂಡಿದಾರಿಗಳ ಮೇಲೆ ಕೆಂಪು ಪೆನ್ನು ಎಳೆದರು. ಇವತ್ತಿಗೂ ನಡೆಯಲು ಆಗುವ ಕಡೆ ಹಸಿರು. ಕೆರೆ ಕೋಡಿಯ ದಾರಿಗೆ ಬಂದಾಗ ಕೆಂಪು, ಹಸಿರು, ಕೆಂಪು, ಹಸಿರು, ಕೆಂಪು. "ರಾಗಿ ಕೊಯ್ಲು ಮುಗೀಲಿ. ಹೊಲ ಖಾಲಿ ಇರುತ್ತೆ. ಗ್ರಾಮ ಲೆಕ್ಕಿಗರನ್ನೂ ಎರಡೂ ಕಡೆ ಜಮೀನಿನವರನ್ನೂ ಕರ್ಕೊಂಡು ಈ ತುದಿಯಿಂದ ಆ ತುದಿಗೆ ಒಂದ್ಸಲ ನಡೆಯೋಣ. ಜಗಳ ಬೇಡ. ಆಮೇಲೆ ಅರ್ಜಿ ಕೊಡೋದಿದ್ರೆ ಕೊಡೋಣ," ಅಂದರು. ನಾನೂ ಬರ್ತೀನಿ ಅಪ್ಪ ಅಂದೆ. ಜನವರಿಗೆ ರಜೆ ಕೇಳಿದ್ದೇನೆ.